ಸ್ವರ್ಗದ ಮೆಟ್ಟಿಲೂ ಸುಳ್ಳುಸಾಕ್ಷಿಯೂ

ದೇವರ ಹತ್ತು ಕಟ್ಟಳೆಗಳಲ್ಲಿ ಎಂಟನೆಯದನ್ನು ನಾವು ಬಹಳ ಹಗುರವಾಗಿ ತೆಗೆದುಕೊಂಡಿದ್ದೇವೆ. ಕೊಲೆ, ಕಳ್ಳತನ, ವ್ಯಭಿಚಾರಗಳ ಹೆಸರು ಕೇಳಿದೊಡನೆ ಬೆಚ್ಚುವ ಭಕ್ತಾದಿಗಳು, ಸುಳ್ಳುಸಾಕ್ಷಿಯ ಮಾತು ಬಂದಾಗ ನ್ಯಾಯಾಲಯದ ಕಟಕಟೆಯನ್ನು ನೆನೆದು, ತಮಗೂ ಅದಕ್ಕೂ ಸಂಬಂಧವಿಲ್ಲವೆಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಒಂದು ಹಾಡಿನ ಮೇಲೂ ಸುಳ್ಳುಸಾಕ್ಷಿ ನುಡಿಯಬಹುದು, ಹಾಗೆ ನುಡಿದಾಗ ಅದನ್ನು ಕಟ್ಟಿದವರಿಗೂ ಅದನ್ನು ಮೆಚ್ಚಿ ಕೇಳುವ ನಮ್ಮ ಮಕ್ಕಳಿಗೂ ಅನ್ಯಾಯವಾಗುತ್ತದೆ ಎಂದರೆ ನಗುವವರೇ ಹೆಚ್ಚು. ನಗುವಂಥ ವಿಷಯ ಇದಲ್ಲ.

ಇಂಗ್ಲೆಂಡಿನ ಲೆಡ್ ಜೆಪ್ಪೆಲಿನ್ ಎಂಬ ಹಾರ್ಡ್ ರಾಕ್ ತಂಡವು 1971ರ ನವೆಂಬರ್ 8ರಂದು ಹೊರತಂದ ತನ್ನ ನಾಲ್ಕನೆಯ ಧ್ವನಿಮುದ್ರಿಕೆಯಲ್ಲಿ ‘ಸ್ಟೇರ್‌ವೇ ಟು ಹೆವನ್’ ಎಂಬ ಎಂಟು ನಿಮಿಷದ ಹಾಡೊಂದಿದೆ. ಸ್ವರ್ಗಕ್ಕೆ ಮೆಟ್ಟಿಲು ಎಂದು ಅದರ ಅರ್ಥ. ಈ ಹಾಡನ್ನು ಹಿಂದುಮುಂದಾಗಿ ತಿರುಗಿಸಿ ನುಡಿಸಿದರೆ ಅದರೊಳಗೆ ಅಡಗಿಸಿಟ್ಟ ಸೈತಾನನ ಸ್ತುತಿ ಕೇಳಿಬರುತ್ತದೆ, ಅದು ಕೇಳುಗನ ಅರಿವಿಗೇ ಬಾರದಂತೆ ಅವನ ಆತ್ಮವನ್ನು ಸೇರುತ್ತದೆ ಎಂದು 1980ರ ದಶಕದ ಆರಂಭದಿಂದ ಅನೇಕ ಕ್ರೈಸ್ತ ಬೋಧಕರು ಹೇಳುತ್ತ ಬಂದಿದ್ದಾರೆ. ಅಮೆರಿಕದಲ್ಲಿ ಹುಟ್ಟಿದ ಈ ಮಾತು ಕ್ಯಾಸೆಟ್ಟುಗಳ ಮೂಲಕ, ಜೆರಾಕ್ಸ್ ಪ್ರತಿಗಳ ಮೂಲಕ ನಮ್ಮ ಧ್ಯಾನಕೂಟಗಳಿಗೂ ಯುವಜನ ಶಿಬಿರಗಳಿಗೂ ಬಂದು ಸೇರಿತು. ಈಗ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದೆ. ಆರೋಪ ಸುಳ್ಳು. ಅದನ್ನು ಪರೀಕ್ಷಿಸಿ ನೋಡಿದವರು ಸುಳ್ಳೆಂದು ತೋರಿಸಿಕೊಟ್ಟು ನಲವತ್ತು ವರ್ಷಗಳೇ ಆಗಿವೆ. ಆದರೂ ದೇವರ ಹೆಸರಿನಲ್ಲಿ, ಪೀಠದ ಮುಂದೆ ನಿಂತು ಅದನ್ನು ಹೇಳುವವರಿದ್ದಾರೆ. ಇದನ್ನು ಅಜ್ಞಾನವೆಂದು ಕ್ಷಮಿಸುವ ಕಾಲ ಎಂದೋ ಮುಗಿಯಿತು.

ಮೊದಲು ಹಾಡು ಹುಟ್ಟಿದ ಬಗೆಯನ್ನು ಬಲ್ಲವರಾಗೋಣ. ಯಾರನ್ನು ಬೈಯುತ್ತೇವೆಯೋ ಅವರ ಮನೆಯ ವಿಳಾಸವಾದರೂ ನಮಗೆ ತಿಳಿದಿರಬೇಡವೇ? ಗಿಟಾರ್ ವಾದಕ ಜಿಮ್ಮಿ ಪೇಜ್ ಸ್ವರಗಳನ್ನು ಜೋಡಿಸಿದ, ಗಾಯಕ ರಾಬರ್ಟ್ ಪ್ಲಾಂಟ್ ಮಾತುಗಳನ್ನು ಬರೆದ. ಹಾಡಿನ ಬಹುಭಾಗ ರೂಪುಗೊಂಡದ್ದು ಹ್ಯಾಂಪ್‌ಷೈರ್ ಪ್ರಾಂತ್ಯದ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದಲ್ಲಿ. 1795ರಲ್ಲಿ ಅದನ್ನು ಕಟ್ಟಿಸಿದ್ದು ದಿಕ್ಕಿಲ್ಲದ ಬಡವರನ್ನೂ ಅನಾಥರನ್ನೂ ದುರ್ಬಲರನ್ನೂ ಇರಿಸಲು. ಆ ಮನೆಯಲ್ಲಿ ಬೆಂಕಿಗೂಡಿನ ಮುಂದೆ ಕುಳಿತು, ಕಾಗದ ಪೆನ್ಸಿಲು ಹಿಡಿದು, ಪ್ಲಾಂಟ್ ಸಾಲುಗಳನ್ನು ಗೀಚಿದನೆಂದು ತಂಡದವರೇ ನೆನೆದಿದ್ದಾರೆ. ಆ ದಿನಗಳಲ್ಲಿ ಅವನು ಓದುತ್ತಿದ್ದುದು ಪುರಾತನ ಕೆಲ್ಟಿಕ್ ಜನರ ನಂಬಿಕೆಗಳ ಬಗ್ಗೆ ಲೂಯಿಸ್ ಸ್ಪೆನ್ಸ್ ಬರೆದ ಪುಸ್ತಕವನ್ನು. ಹಾಡಿನಲ್ಲಿ ಬರುವ ಕಾಡು, ತೊರೆ, ಹಕ್ಕಿ, ಕೊಳಲೂದುವವನ ಚಿತ್ರಗಳು ಆ ಓದಿನಿಂದ ಬಂದವು. ಧ್ವನಿಮುದ್ರಣಕ್ಕೆ 1970ರ ಡಿಸೆಂಬರಿನಲ್ಲಿ ತಂಡ ಹೋದದ್ದು ಲಂಡನ್ನಿನ ಬೇಸಿಂಗ್ ಸ್ಟ್ರೀಟಿನ ಐಲ್ಯಾಂಡ್ ಸ್ಟುಡಿಯೋಗೆ. ಆ ಸ್ಟುಡಿಯೋ ಇದ್ದುದು ಆರಾಧನೆ ನಿಂತುಹೋಗಿದ್ದ ಒಂದು ಹಳೆಯ ಪ್ರಾಟೆಸ್ಟಂಟ್ ದೇವಾಲಯದ ಕಟ್ಟಡದಲ್ಲಿ! ಸೈತಾನನ ಹಾಡು ಎಂದು ನಾವು ಹೆಸರಿಟ್ಟದ್ದು ಬಡವರ ಆಶ್ರಯದಲ್ಲಿ ಹುಟ್ಟಿ ದೇವಾಲಯದ ಗೋಡೆಗಳ ನಡುವೆ ದನಿ ಪಡೆಯಿತು. ಇದರಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ಇದೇ ಕಟ್ಟಡ ಸ್ಮಶಾನವೋ ಸೆರೆಮನೆಯೋ ಆಗಿದ್ದರೆ ನಮ್ಮ ಬೋಧಕರು ಅದನ್ನು ಹೇಳದೆ ಬಿಡುತ್ತಿದ್ದರೇ?

ಸಂಗೀತವನ್ನು ಕೇಳಿದವರಿಗೆ ಅದರ ನಡಿಗೆ ಗೊತ್ತು. ಆರಂಭದಲ್ಲಿ ಒಂಟಿ ಗಿಟಾರು, ಅದರ ಜೊತೆಗೆ ಜಾನ್ ಪಾಲ್ ಜೋನ್ಸ್ ನುಡಿಸುವ ರೆಕಾರ್ಡರ್ ಎಂಬ ಮರದ ಕೊಳಲು. ಹಳೆಯ ಇಂಗ್ಲಿಷ್ ಹಳ್ಳಿಯ ಸಂಜೆಯಂತೆ ಮೆಲ್ಲಗೆ ತೊಡಗುತ್ತದೆ. ನಾಲ್ಕು ನಿಮಿಷ ದಾಟಿದ ಮೇಲಷ್ಟೇ ಜಾನ್ ಬಾನಮ್‌ನ ಡ್ರಮ್ ಕೇಳಿಬರುತ್ತದೆ. ಅಲ್ಲಿಂದ ಲಯ ಏರುತ್ತ, ಗಿಟಾರಿನ ಆರ್ಭಟವನ್ನು ಮುಟ್ಟಿ, ಕೊನೆಗೆ ಒಂಟಿ ಮನುಷ್ಯಕಂಠದಲ್ಲಿ ಹಾಡು ನಿಲ್ಲುತ್ತದೆ. ಮೆಟ್ಟಿಲು ಏರಿದ ಅನುಭವ ಕಿವಿಗೇ ಆಗುತ್ತದೆ. ರೆಕಾರ್ಡ್ ಕಂಪನಿ ಅಟ್ಲಾಂಟಿಕ್ ಇದನ್ನು ಬಿಡಿಯಾಗಿ ಮಾರಲು ಒತ್ತಾಯಿಸಿದರೂ ತಂಡ ಒಪ್ಪಲಿಲ್ಲ. ಬೇಕಾದವರು ಇಡೀ ಧ್ವನಿಮುದ್ರಿಕೆಯನ್ನೇ ಕೊಳ್ಳಬೇಕಾಯಿತು. ಅಮೆರಿಕವೊಂದರಲ್ಲೇ ಅದರ ಮಾರಾಟ 2 ಕೋಟಿ ಪ್ರತಿಗಳನ್ನು ಮೀರಿತು. ಆ ದೇಶದ ರೇಡಿಯೋ ನಿಲಯಗಳು ಎಂಟು ನಿಮಿಷವನ್ನೂ ಕತ್ತರಿಸದೆ ಹಗಲಿರುಳು ಬಿತ್ತರಿಸಿದವು.

ಈ ಹಾಡನ್ನು ಜನರ ಮುಂದೆ ಮೊದಲ ಬಾರಿಗೆ ಹಾಡಿದ ಊರು ಯಾವುದೆಂದು ನಮ್ಮ ಬೋಧಕರಲ್ಲಿ ಎಷ್ಟು ಮಂದಿ ಬಲ್ಲರೋ ತಿಳಿಯದು. ಅದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರ, ಅಲ್ಸ್ಟರ್ ಹಾಲ್, 1971ರ ಮಾರ್ಚ್ 5. ಆ ವರ್ಷ ಆ ನಗರದ ಬೀದಿಗಳಲ್ಲಿ ಬಾಂಬುಗಳು ಸಿಡಿಯುತ್ತಿದ್ದವು. ಒಬ್ಬನೇ ಕ್ರಿಸ್ತನನ್ನು ಪೂಜಿಸುವ ಕಥೋಲಿಕರೂ ಪ್ರಾಟೆಸ್ಟಂಟರೂ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಅಂದು ಆ ಸಭಾಂಗಣದಲ್ಲಿ ಕುಳಿತಿದ್ದ ಯುವಕರಿಗೆ ಸೈತಾನನ ಕೆಲಸವನ್ನು ಕಾಣಲು ಗ್ರಾಮಫೋನ್ ತಟ್ಟೆಯನ್ನು ಹಿಂದಕ್ಕೆ ತಿರುಗಿಸಬೇಕಾದ ಅಗತ್ಯವಿರಲಿಲ್ಲ, ಕಿಟಕಿ ತೆರೆದರೆ ಸಾಕಾಗಿತ್ತು.

ಇಷ್ಟು ಹೇಳಿ, ಆ ತಂಡದವರನ್ನು ಸಂತರ ಸಾಲಿನಲ್ಲಿ ನಿಲ್ಲಿಸಲು ಹೊರಟಿದ್ದೇನೆಂದು ಯಾರೂ ಭಾವಿಸಬಾರದು. ಪ್ರತಿವಾದಿಗಳ ಕೈಯಲ್ಲಿರುವ ಸತ್ಯವನ್ನು ಮುಚ್ಚಿಡುವುದೂ ಎಂಟನೆಯ ಕಟ್ಟಳೆಯ ಭಂಗವೇ. ಜಿಮ್ಮಿ ಪೇಜ್‌ಗೆ ಅಲೀಸ್ಟರ್ ಕ್ರೌಲಿ ಎಂಬ, 1947ರಲ್ಲಿ ತೀರಿಕೊಂಡ ಮಂತ್ರವಾದಿಯ ಬರಹಗಳಲ್ಲಿ ಗಾಢ ಆಸಕ್ತಿಯಿತ್ತು. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ದಡದಲ್ಲಿ ಕ್ರೌಲಿ ವಾಸಿಸಿದ್ದ ಬೋಲ್‌ಸ್ಕಿನ್ ಹೌಸ್ ಎಂಬ ಮನೆಯನ್ನು ಪೇಜ್ ಕೊಂಡುಕೊಂಡಿದ್ದ. 1970ರಲ್ಲಿ ಹೊರಬಂದ ತಂಡದ ಮೂರನೆಯ ಧ್ವನಿಮುದ್ರಿಕೆಯ ತಟ್ಟೆಯಲ್ಲಿ, ಹಾಡಿನ ಗೆರೆಗಳು ಮುಗಿಯುವ ಜಾಗದಲ್ಲಿ, ಮನಸ್ಸು ಬಯಸಿದ್ದನ್ನೇ ಮಾಡೆಂಬ ಕ್ರೌಲಿಯ ಬೋಧೆಯನ್ನು ಕೊರೆದಿದ್ದರು. ಮನುಷ್ಯನ ಇಚ್ಛೆಯೇ ಧರ್ಮವೆನ್ನುವ ಆ ಬೋಧೆ ಗೆತ್ಸೆಮನೆ ತೋಟದಲ್ಲಿ ನಮ್ಮ ಪ್ರಭು ಮಾಡಿದ ಪ್ರಾರ್ಥನೆಗೆ ತೀರ ವಿರುದ್ಧವಾದುದು. ಅದನ್ನು ನಾನು ಸರಿಯೆನ್ನಲಾರೆ. ಯಾವ ತಂದೆಯಾದರೂ ಈ ಬಗ್ಗೆ ಮಗನೊಡನೆ ಕುಳಿತು ಮಾತನಾಡಿದರೆ ಅದು ಅವನ ಕರ್ತವ್ಯ. ಆದರೆ ಗಮನಿಸಿರಿ: ಕೊರೆದ ಆ ಮಾತು ಬರಿಗಣ್ಣಿಗೆ ಕಾಣುವಂಥದು, ಮನೆ ಕೊಂಡದ್ದು ಎಲ್ಲರಿಗೂ ತಿಳಿದಿದ್ದ ಸಂಗತಿ. ಬಹಿರಂಗವಾಗಿ ಇರುವುದನ್ನು ಬಹಿರಂಗವಾಗಿ ಖಂಡಿಸಬಹುದಾಗಿದ್ದಾಗ, ಇಲ್ಲದ ಗುಪ್ತ ಸಂದೇಶವನ್ನು ಹುಡುಕಿಕೊಂಡು ಹೋದದ್ದೇಕೆ?

ಏಕೆಂದರೆ ಹಾಡಿನ ಮಾತುಗಳಲ್ಲಿ ಅವರಿಗೆ ಬೇಕಾದದ್ದು ಸಿಗಲಿಲ್ಲ. ಹಾಡು ತೊಡಗುವುದು ಒಬ್ಬ ಸಿರಿವಂತ ಸ್ತ್ರೀಯ ಚಿತ್ರದಿಂದ. ಸಂಪತ್ತಿನ ಬಲದಿಂದ ಪರಲೋಕವನ್ನೂ ತನ್ನದಾಗಿಸಿಕೊಳ್ಳಬಹುದೆಂಬುದು ಆಕೆಯ ನಂಬಿಕೆ. ಯಾರಿಗೂ ಏನನ್ನೂ ಮರಳಿ ಕೊಡದೆ ಎಲ್ಲವನ್ನೂ ಪಡೆಯುತ್ತಲೇ ಇರುವ ಹೆಂಗಸಿನ ಮೇಲೆ ಮಾಡಿದ ವ್ಯಂಗ್ಯವಿದು ಎಂದು ಪ್ಲಾಂಟನೇ ವಿವರಿಸಿದ್ದಾನೆ. ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯವನ್ನು ತೆರೆದು ನೋಡಿರಿ. ಸಮಾರ್ಯದ ಮಾಂತ್ರಿಕ ಸಿಮೋನ ಪವಿತ್ರಾತ್ಮರ ವರವನ್ನು ಹಣಕೊಟ್ಟು ಪಡೆಯಲು ಬಂದಾಗ ಸಂತ ಪೇತ್ರ ಅವನ ಬೆಳ್ಳಿಯನ್ನು ಅವನ ಮುಖಕ್ಕೇ ಎಸೆದಂಥ ಉತ್ತರ ಕೊಟ್ಟರು. ಪವಿತ್ರವಾದುದನ್ನು ಕೊಳ್ಳುವ, ಮಾರುವ ಪಾಪಕ್ಕೆ ಧರ್ಮಸಭೆ ಇಂದಿಗೂ ಆ ಸಿಮೋನನ ಹೆಸರನ್ನೇ ಇಟ್ಟಿದೆ. ಯಕೋಬ ಬೇತೇಲಿನಲ್ಲಿ ಕನಸಿನಲ್ಲಿ ಕಂಡ ಏಣಿಯನ್ನು ಅವನು ಕಟ್ಟಿಸಿದ್ದಲ್ಲ, ಕೊಂಡದ್ದೂ ಅಲ್ಲ. ತಲೆಯಡಿಗೆ ಕಲ್ಲಿಟ್ಟುಕೊಂಡು ಮಲಗಿದ್ದ ಅಲೆಮಾರಿಗೆ ಅದು ಮೇಲಿನಿಂದ ದೊರೆಯಿತು. ಸ್ವರ್ಗದ ಮೆಟ್ಟಿಲು ಮಾರಾಟಕ್ಕಿಲ್ಲ ಎಂಬುದನ್ನು ಒಬ್ಬ ಅನ್ಯ ಮನುಷ್ಯ, ಕ್ರೈಸ್ತನೆಂದು ಹೇಳಿಕೊಳ್ಳದವನು, ನಮಗೆ ನೆನಪಿಸಿದರೆ ನಾವು ನಾಚಬೇಕಾದದ್ದು ಬೇರೆ ಕಾರಣಕ್ಕೆ. ನಮ್ಮ ದೇವಾಲಯಗಳಲ್ಲಿ ಬೆಂಚಿನ ಮೇಲೆ, ಗಂಟೆಯ ಮೇಲೆ, ಕಿಟಕಿಯ ಗಾಜಿನ ಮೇಲೆ ದಾನಿಗಳ ಹೆಸರು ಕೆತ್ತಿಸುವುದಿಲ್ಲವೇ? ವಾರ್ಷಿಕ ಹಬ್ಬದ ಮೆರವಣಿಗೆಯಲ್ಲಿ ಹೆಚ್ಚು ಕೊಟ್ಟವರನ್ನು ಮುಂದೆ ನಡೆಸುವುದಿಲ್ಲವೇ? ಆ ಸಿರಿವಂತ ಸ್ತ್ರೀಗೆ ನಮ್ಮ ಯಾವ ಧರ್ಮಕೇಂದ್ರದಲ್ಲೂ ಮೊದಲ ಸಾಲಿನ ಆಸನ ಸಿಗುತ್ತದೆ.

ಹಾಡಿನ ನಡುವೆ ಇನ್ನೊಂದು ಭಾಗವಿದೆ. ಮನುಷ್ಯನ ಮುಂದೆ ಎರಡು ಹಾದಿಗಳಿರುತ್ತವೆ, ಹಿಡಿದ ಹಾದಿಯನ್ನು ಬದಲಿಸಲು ಅವನಿಗೆ ಇನ್ನೂ ಅವಕಾಶವಿದೆ ಎಂಬುದು ಅದರ ಆಶಯ. ತಪಸ್ಸುಕಾಲದ ಮೊದಲ ವಾರದಲ್ಲಿ ನಾವು ನೀಡುವ ಪ್ರಬೋಧನೆಯ ತಿರುಳೇ ಅದು. ಆರೋಪ ಹೊರಿಸಿದವರು ತಟ್ಟೆಯನ್ನು ಹಿಂದಕ್ಕೆ ತಿರುಗಿಸಿ ಸೈತಾನನ ಹೆಸರನ್ನು ‘ಕೇಳಿದ್ದು’ ಸರಿಯಾಗಿ ಈ ಭಾಗದಲ್ಲೇ. ಮನಪರಿವರ್ತನೆಗೆ ಸಮಯವಿದೆ ಎನ್ನುವ ಮಾತನ್ನು ತಿರುಗುಮುರುಗು ಮಾಡಿ ಅದರಿಂದ ಸೈತಾನನನ್ನು ಹೊರತೆಗೆದ ಈ ಚಾತುರ್ಯಕ್ಕೆ ಏನೆನ್ನಬೇಕು!

ಹಿಮ್ಮುಖ ಧ್ವನಿಯ ಗೀಳು ಈ ಹಾಡಿನಿಂದ ಆರಂಭವಾದದ್ದಲ್ಲ. ಬೀಟಲ್ಸ್ ತಂಡ 1966ರಲ್ಲಿ ‘ರೈನ್’ ಎಂಬ ಹಾಡಿನಲ್ಲಿ ಗಾಯನದ ಒಂದು ತುಣುಕನ್ನು ಕುತೂಹಲಕ್ಕಾಗಿ ಬೇಕೆಂದೇ ಹಿಂದುಮುಂದಾಗಿ ಸೇರಿಸಿತ್ತು. 1969ರಲ್ಲಿ ಪಾಲ್ ಮೆಕಾರ್ಟ್ನಿ ಸತ್ತಿದ್ದಾನೆ, ಅದರ ಗುಟ್ಟು ಹಾಡುಗಳ ಹಿಮ್ಮುಖದಲ್ಲಿದೆ ಎಂಬ ವದಂತಿ ಹಬ್ಬಿತು. ಮೆಕಾರ್ಟ್ನಿ ಮಾತ್ರ ಆ ಬಳಿಕವೂ ದಶಕಗಳ ಕಾಲ ಹಾಡುತ್ತ ಬಂದ. ಈ ಆಟಕ್ಕೆ ಸೈತಾನ ಸೇರಿಕೊಂಡದ್ದು ಮುಂದಿನ ದಶಕದ ಕೊನೆಗೆ. 1982ರಲ್ಲಿ ಕ್ಯಾಲಿಫೋರ್ನಿಯಾದ ಟ್ರಿನಿಟಿ ಬ್ರಾಡ್‌ಕಾಸ್ಟಿಂಗ್ ಎಂಬ ಕ್ರೈಸ್ತ ದೂರದರ್ಶನ ಜಾಲದ ಸ್ಥಾಪಕ ಪಾಲ್ ಕ್ರೌಚ್ ತಮ್ಮ ಕಾರ್ಯಕ್ರಮದಲ್ಲಿ ಈ ಹಾಡಿನ ಮೇಲೆ ಆರೋಪವನ್ನು ಎತ್ತಿದರು. ಕಾಣಿಕೆ ಕಳುಹಿಸಿದವರಿಗೆ ದೇವರು ಹಲವು ಪಟ್ಟು ಮರಳಿಸುತ್ತಾನೆಂಬ ಬೋಧನೆಗೆ ಹೆಸರಾದ ಜಾಲವಿದು. ಹಣದಿಂದ ಸ್ವರ್ಗ ಕೊಳ್ಳಲಾಗದೆನ್ನುವ ಹಾಡಿನ ಮೇಲೆ ಸಿಟ್ಟು ಬಂದದ್ದು ಯಾರಿಗೆ ಎಂದು ಓದುಗರು ಗಮನಿಸಬೇಕು. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆಯ ಸಮಿತಿಯೊಂದರ ಮುಂದೆ ಹಾಡನ್ನು ಹಿಂದುಮುಂದಾಗಿ ನುಡಿಸಿ ತೋರಿಸಲಾಯಿತು. ಮರುವರ್ಷ ಅರ್ಕನ್ಸಾ ರಾಜ್ಯದ ಶಾಸನಸಭೆ, ಇಂಥ ಧ್ವನಿಮುದ್ರಿಕೆಗಳ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂಬ ಮಸೂದೆಯನ್ನು ಅಂಗೀಕರಿಸಿಯೇಬಿಟ್ಟಿತು. ಅಂದಿನ ರಾಜ್ಯಪಾಲ ಬಿಲ್ ಕ್ಲಿಂಟನ್ ಅದನ್ನು ಹಿಂದಿರುಗಿಸಿದರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂದರಂತೆ ಎಂಬ ಗಾದೆ ನಮ್ಮದು, ಆದರೆ ಅಂಥ ಕೊಟ್ಟಿಗೆಗಳು ಅಮೆರಿಕದಲ್ಲೂ ಇವೆ.

ತಂಡದವರು ಮೊದಮೊದಲು ನಕ್ಕರು. ತಮ್ಮ ಯಂತ್ರಗಳು ತಟ್ಟೆಯನ್ನು ಮುಂದಕ್ಕಷ್ಟೇ ತಿರುಗಿಸುತ್ತವೆ ಎಂದು ಅವರ ಕಂಪನಿ ಒಂದೇ ಮಾತಿನ ಉತ್ತರ ಕೊಟ್ಟಿತು. ಪ್ಲಾಂಟ್ ಮಾತ್ರ, ಒಳ್ಳೆಯ ಉದ್ದೇಶದಿಂದಲೇ ಬರೆದ ಹಾಡಿಗೆ ಹೀಗಾದದ್ದು ತನಗೆ ಬಹಳ ದುಃಖ ತಂದಿದೆ ಎಂದು ಹೇಳಿಕೊಂಡ. ಆ ದುಃಖಕ್ಕೆ ಕಾರಣರು ಕ್ರಿಸ್ತನ ಹೆಸರನ್ನು ಹೊತ್ತವರು ಎಂಬುದು ನನ್ನನ್ನು ಚುಚ್ಚುತ್ತದೆ.

ಈಗ ಆರೋಪದ ಸತ್ಯಾಸತ್ಯತೆ. ನಮ್ಮ ನಾಡಿನಲ್ಲಿ ಈ ಮಾತನ್ನು ಜನ ಸುಲಭವಾಗಿ ನಂಬಲು ಒಂದು ಕಾರಣವಿದೆ. ‘ಮರಾ ಮರಾ’ ಎಂದು ಜಪಿಸಿದ ಬೇಡ ರಾಮನಾಮವನ್ನು ಪಡೆದ ಕಥೆಯನ್ನು ಕೇಳಿಯೇ ಬೆಳೆದವರು ನಾವು. ತಿರುಗಿಸಿದರೂ ಅದೇ ಆಗಿ ಉಳಿಯುವ ‘ವಿಕಟಕವಿ’, ‘ಕುಬೇರನಿಗೇನಿರಬೇಕು’ ಎಂಬ ಪದಗಳ ಚಮತ್ಕಾರ ಮಕ್ಕಳಿಗೂ ಗೊತ್ತು. ಆದರೆ ಇವೆಲ್ಲ ಅಕ್ಷರಗಳ ಆಟ. ಟೇಪನ್ನು ಹಿಂದಕ್ಕೆ ತಿರುಗಿಸಿದಾಗ ಹಿಮ್ಮುಖವಾಗುವುದು ಅಕ್ಷರವಲ್ಲ, ಧ್ವನಿ. ‘ಕ’ ಎಂಬುದರಲ್ಲಿ ಮೊದಲು ವ್ಯಂಜನ, ಆಮೇಲೆ ಸ್ವರ. ಅದು ತಿರುಗಿದಾಗ ‘ಅಕ್’ ಆಗುತ್ತದೆ. ನಮ್ಮ ‘ವಿಕಟಕವಿ’ ಯಂತ್ರದಲ್ಲಿ ಹಿಂದಕ್ಕೆ ಓಡಿದರೆ ‘ಇವಕಟಕಿವ್’ ಎಂಬಂತೆ ಏನೋ ಒಂದು ಕೇಳಿಸೀತು. ಬಾಯಿಂದ ಹೊರಟ ಉಸಿರು ಒಳಕ್ಕೆ ಎಳೆದಂತೆ, ತಟ್ಟನೆ ಹುಟ್ಟಿ ನಿಧಾನವಾಗಿ ಆರುವ ಗಿಟಾರಿನ ನಾದ ನಿಧಾನವಾಗಿ ಊದಿ ತಟ್ಟನೆ ಕಡಿದಂತೆ ಕೇಳುತ್ತದೆ. ಇಂಥ ಗೊಣಗಾಟದಲ್ಲಿ ನಮ್ಮ ಕಿವಿ ಅರ್ಥವನ್ನು ಹುಡುಕುತ್ತದೆ. ಮೋಡದಲ್ಲಿ ಆನೆಯನ್ನು ಕಾಣುವ ಕಣ್ಣಿನಂತೆ, ಗೊತ್ತಿದ್ದ ಪದವೊಂದರ ನೆರಳನ್ನು ಹಿಡಿಯುತ್ತದೆ. ಯಾವ ಪದ ಎಂಬುದನ್ನು ಮೊದಲೇ ಹೇಳಿಕೊಟ್ಟರೆ ಕೆಲಸ ಇನ್ನೂ ಸಲೀಸು.

ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಜಾನ್ ವೋಕಿ ಮತ್ತು ಡಾನ್ ರೀಡ್ ಎಂಬ ಇಬ್ಬರು ಮನೋವಿಜ್ಞಾನಿಗಳು 1985ರಲ್ಲಿ ತಮ್ಮ ಪರೀಕ್ಷೆಗಳ ಫಲವನ್ನು ಪ್ರಕಟಿಸಿದರು. ಹಿಮ್ಮುಖವಾದ ಮಾತನ್ನು ಕೇಳಿದವರಿಗೆ ದನಿ ಗಂಡಸಿನದೋ ಹೆಂಗಸಿನದೋ ಎಂಬಷ್ಟನ್ನು ಗುರುತಿಸಲಾಯಿತು. ಅರ್ಥ ಮಾತ್ರ ಹತ್ತಲಿಲ್ಲ, ಅರಿವಿಲ್ಲದೆ ಒಳಗಿಳಿದ ಗುರುತೂ ಸಿಗಲಿಲ್ಲ. ಇಂಥಿಂಥ ವಾಕ್ಯ ಬರುತ್ತದೆ, ಕಿವಿಗೊಡಿ ಎಂದು ಮೊದಲೇ ಹೇಳಿದಾಗ ಮಾತ್ರ ಬಹುಮಂದಿ ಅದನ್ನು ಕೇಳಿಸಿಕೊಂಡರು. ಆ ವಿದ್ವಾಂಸರು ಹಿಂದಕ್ಕೆ ತಿರುಗಿಸಿದ ಪಾಠಗಳಲ್ಲಿ ಒಂದು ಯಾವುದು ಬಲ್ಲಿರಾ? ಕುರಿಗಾಹಿಯಾದ ಪ್ರಭುವನ್ನು ಹಾಡುವ 23ನೆಯ ಕೀರ್ತನೆ! ಮರಣ ಸಮಯದಲ್ಲಿ ನಾವು ಓದುವ ಆ ಕೀರ್ತನೆಯಲ್ಲೂ ಹೀಗೆ ತಿರುಗಿಸಿ ಬೇಕಾದ್ದನ್ನು ಕೇಳಿಸಬಹುದು. ಹಾಗೆಂದು ಅರಸ ದಾವೀದನ ಮೇಲೂ ಮೊಕದ್ದಮೆ ಹೂಡುತ್ತೇವೆಯೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಪ್ರತ್ಯಕ್ಷ ಕೇಳಿದ್ದಕ್ಕೂ ಆ ಮಾತು ಸಲ್ಲುತ್ತದೆ.

ಇಂಥದೊಂದು ಯುವಜನ ಧ್ಯಾನಕೂಟದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಿದ್ದೇನೆ. ಬೋಧಕರು ಮೊದಲು ವಾಕ್ಯವನ್ನು ಪರದೆಯ ಮೇಲೆ ಮೂಡಿಸಿದರು, ಆಮೇಲೆ ಟೇಪನ್ನು ಹಾಕಿದರು. ಸಭೆಯೆಲ್ಲ ಉಸಿರು ಬಿಗಿಹಿಡಿಯಿತು. ಹುಡುಗಿಯರಿಬ್ಬರು ಅತ್ತರು. ಪರದೆಯನ್ನು ಆರಿಸಿ ಇನ್ನೊಮ್ಮೆ ನುಡಿಸಿರಿ ಎಂದು ಎದ್ದು ಕೇಳಿದ ಹುಡುಗನೊಬ್ಬನನ್ನು, ವಿಶ್ವಾಸವಿಲ್ಲದವನೆಂದು ಎಲ್ಲರೆದುರು ಗದರಿಸಿ ಕೂರಿಸಲಾಯಿತು. ಆತ ಕೇಳಿದ್ದು ವೋಕಿ ಮತ್ತು ರೀಡ್ ಕೇಳಿದ ಪ್ರಶ್ನೆಯನ್ನೇ. ಆ ಸಂಜೆ ಆ ಸಭಾಂಗಣದಲ್ಲಿ ಸತ್ಯದ ಬಗ್ಗೆ ಗೌರವವಿದ್ದವನು ಅವನೊಬ್ಬನೇ. ನಾವು ಅವನಿಗೆ ಕಲಿಸಿದ್ದು ಇಷ್ಟು: ಧರ್ಮಸಭೆಯಲ್ಲಿ ಪ್ರಶ್ನೆ ಕೇಳಬಾರದು.

ಸುಳ್ಳುಸಾಕ್ಷಿಯಿಂದ ಆಗುವ ಹಾನಿ ಇಷ್ಟಕ್ಕೇ ನಿಲ್ಲುವುದಿಲ್ಲ. 1985ರ ಡಿಸೆಂಬರ್ 23ರಂದು, ಕ್ರಿಸ್ಮಸ್‌ಗೆ ಎರಡೇ ದಿನ ಇರುವಾಗ, ಅಮೆರಿಕದ ನೆವಾಡಾ ರಾಜ್ಯದಲ್ಲಿ ದೇವಾಲಯವೊಂದರ ಆಟದ ಅಂಗಳದಲ್ಲಿ ಇಬ್ಬರು ಯುವಕರು ತಮಗೆ ತಾವೇ ಗುಂಡು ಹಾರಿಸಿಕೊಂಡರು. ಒಬ್ಬ ಅಲ್ಲೇ ಸತ್ತ. ಮುಖ ಛಿದ್ರವಾಗಿ ಬದುಕುಳಿದ ಇನ್ನೊಬ್ಬ 1988ರಲ್ಲಿ ತೀರಿಕೊಂಡ. ಜೂಡಸ್ ಪ್ರೀಸ್ಟ್ ಎಂಬ ತಂಡದ 1978ರ ಧ್ವನಿಮುದ್ರಿಕೆಯಲ್ಲಿ ಅಡಗಿದ ಪ್ರಚೋದನೆಯೇ ಇದಕ್ಕೆ ಕಾರಣವೆಂದು ಕುಟುಂಬಗಳು ದಾವೆ ಹೂಡಿದವು. 1990ರಲ್ಲಿ ರೀನೋ ನಗರದ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಗಾಯಕ ರಾಬ್ ಹ್ಯಾಲ್‌ಫರ್ಡ್ ತನ್ನ ಹಾಡುಗಳನ್ನು ತಾನೇ ತಿರುಗಿಸಿ ನುಡಿಸಿ, ಯಾರೋ ಪೆಪ್ಪರ್‌ಮಿಂಟ್ ಕೇಳಿದಂಥ ಅಸಂಬದ್ಧ ವಾಕ್ಯಗಳನ್ನು ಅದರಿಂದ ಹೊರತೆಗೆದು ತೋರಿಸಿದ. ಕೇಳಿಬಂದ ಶಬ್ದಗಳು ಉಸಿರೂ ಗಿಟಾರೂ ಆಕಸ್ಮಿಕವಾಗಿ ಕೂಡಿದ್ದರಿಂದ ಹುಟ್ಟಿದವು ಎಂದು ನ್ಯಾಯಾಧೀಶರು ತೀರ್ಪಿತ್ತರು. ಆ ಇಬ್ಬರ ಬಾಳಿನಲ್ಲಿ ಮದ್ಯವಿತ್ತು, ಮಾದಕ ವಸ್ತುವಿತ್ತು, ಮನೆಯೊಳಗೆ ಹೊಡೆತವಿತ್ತು. ಮಗನನ್ನು ಕಳೆದುಕೊಂಡ ತಾಯಿ ಕಾರಣವನ್ನು ಹೊರಗೆ ಹುಡುಕಿದರೆ ಆಕೆಯನ್ನು ದೂರುವ ಕಲ್ಲೆದೆ ನನಗಿಲ್ಲ. ಆದರೆ ಆಕೆಯ ಕೈಗೆ ಆ ಸುಳ್ಳು ಕಾರಣವನ್ನು ಇಟ್ಟವರು ಯಾರು? ಹತ್ತು ವರ್ಷಗಳಿಂದ ಊರೂರು ತಿರುಗಿ ತಟ್ಟೆಗಳನ್ನು ಹಿಂದಕ್ಕೆ ತಿರುಗಿಸುತ್ತಿದ್ದ ನಮ್ಮವರೇ. 1993ರಲ್ಲಿ ಅರ್ಕನ್ಸಾದ ವೆಸ್ಟ್ ಮೆಂಫಿಸ್‌ನಲ್ಲಿ ಮೂವರು ಪುಟ್ಟ ಬಾಲಕರ ಕೊಲೆಯಾದಾಗ ಮೂವರು ಹದಿಹರೆಯದವರಿಗೆ ಶಿಕ್ಷೆಯಾಯಿತು. ಅವರಲ್ಲೊಬ್ಬನ ವಿರುದ್ಧ, ಅವನು ಕೇಳುತ್ತಿದ್ದ ಸಂಗೀತವೂ ತೊಡುತ್ತಿದ್ದ ಕಪ್ಪು ಬಟ್ಟೆಯೂ ಸೈತಾನಪೂಜೆಯ ಲಕ್ಷಣವೆಂದು ನ್ಯಾಯಾಲಯದಲ್ಲಿ ಮಂಡಿತವಾದವು. ಅವನಿಗೆ ಮರಣದಂಡನೆ ವಿಧಿಸಲಾಯಿತು. ಮೂವರೂ ಹೊರಬಂದದ್ದು 2011ರಲ್ಲಿ, ಹದಿನೆಂಟು ವರ್ಷಗಳ ಸೆರೆವಾಸದ ಬಳಿಕ.

“ಆದರೂ ಫಾದರ್, ಆ ಸಂಗೀತಗಾರರ ಬದುಕು ಶುದ್ಧವಾಗಿತ್ತೇ?” ಎಂದು ಪೋಷಕರು ಕೇಳುವುದುಂಟು. ಇರಲಿಲ್ಲ. ಜಾನ್ ಬಾನಮ್ 1980ರ ಸೆಪ್ಟೆಂಬರ್ 25ರಂದು ಮಿತಿಮೀರಿ ಕುಡಿದು, ನಿದ್ದೆಯಲ್ಲೇ ಉಸಿರುಗಟ್ಟಿ ಸತ್ತ. ಆಗ ಅವನಿಗೆ 32 ವರ್ಷ. ಆ ಸಾವಿನೊಂದಿಗೆ ತಂಡವೇ ಮುಗಿಯಿತು. ಅವನನ್ನು ಕೊಂದದ್ದು ಬಾಟಲಿ, ಹಿಮ್ಮುಖ ಸಂದೇಶವಲ್ಲ. ಅದೇ ಬಾಟಲಿ ನಮ್ಮ ಧರ್ಮಕೇಂದ್ರಗಳ ಎಷ್ಟು ಮನೆಗಳ ಅನ್ನವನ್ನು ಕಸಿದುಕೊಂಡಿದೆ! ಮದುವೆಯ ಊಟದಲ್ಲಿ, ನಾಮಕರಣದ ಸಂತೋಷಕೂಟದಲ್ಲಿ ಮಗನ ಕಣ್ಣೆದುರೇ ಗ್ಲಾಸು ತುಂಬಿಸುವ ತಂದೆ, ಆ ಮಗನ ಮೊಬೈಲಿನಲ್ಲಿರುವ ಹಾಡಿನ ಬಗ್ಗೆ ಗುರುಗಳಿಗೆ ದೂರು ಕೊಡಲು ಬರುತ್ತಾನೆ. ಕಣ್ಣೆದುರಿನ ಕೇಡು ಕಾಣದವನಿಗೆ ಬೆನ್ನಹಿಂದಿನ ಸೈತಾನ ಕೇಳಿಸುವುದು ಹೇಗೆಂದು ನನಗೆ ಅರ್ಥವಾಗಿಲ್ಲ.

ಇನ್ನು ಕೆಲವರು ಜಗದ್ಗುರು ಹದಿನಾರನೆಯ ಬೆನೆಡಿಕ್ಟರ ಮಾತನ್ನು ಮುಂದಿಡುತ್ತಾರೆ. ಕಾರ್ಡಿನಲ್ ರಾಟ್ಜಿಂಗರ್ ಆಗಿದ್ದಾಗ 2000ದಲ್ಲಿ ಪ್ರಕಟಿಸಿದ ಆರಾಧನಾವಿಧಿ ಕುರಿತ ಗ್ರಂಥದಲ್ಲಿ ಅವರು ರಾಕ್ ಸಂಗೀತವನ್ನು ಕಟುವಾಗಿಯೇ ವಿಮರ್ಶಿಸಿದ್ದಾರೆ. ಲಯದ ಅಬ್ಬರದಲ್ಲಿ ಜನಸಮೂಹ ತನ್ನನ್ನೇ ಮರೆಯುವುದು ಕ್ರೈಸ್ತ ಆರಾಧನೆಗೆ ವಿರುದ್ಧವೆಂಬುದು ಅವರ ವಾದ. ಗುರುಮಠದಲ್ಲಿ ಗಾಯನವಿಧಿಯನ್ನು ಕಲಿತ ನಾನು ಅದನ್ನು ಒಪ್ಪುತ್ತೇನೆ. ಬಲಿಪೂಜೆಯಲ್ಲಿ ಡ್ರಮ್ಮಿನ ಅಬ್ಬರ ನನಗೂ ಬೇಡ. ಆದರೆ ಅವರು ಹೇಳಿದ್ದು ಎಲ್ಲರಿಗೂ ಕೇಳುವ ಸಂಗೀತದ ಬಗ್ಗೆ, ಕಾರಣ ಸಹಿತವಾಗಿ. ಯಾರಾದರೂ ಅದನ್ನು ಒಪ್ಪಬಹುದು, ಬಿಡಬಹುದು, ಎದುರು ವಾದ ಹೂಡಬಹುದು. ಹಿಮ್ಮುಖ ಟೇಪಿನ ಬೋಧಕರು ಆ ವಿದ್ವಾಂಸರ ನೆರಳಿನಲ್ಲಿ ನಿಲ್ಲಲು ಅರ್ಹರಲ್ಲ. ಅವರ ಪೂರ್ವಾಧಿಕಾರಿ ಎರಡನೆಯ ಜಾನ್ ಪಾಲರು 1997ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಬೊಲೋನ್ಯದಲ್ಲಿ, ಲಕ್ಷಾಂತರ ಯುವಜನರ ನಡುವೆ ಕುಳಿತು ಬಾಬ್ ಡಿಲನ್‌ನ ಗಾಯನ ಕೇಳಿದರು. ಆ ಕವಿಯ ಪ್ರಸಿದ್ಧ ಗೀತೆಯ ಪ್ರಶ್ನೆಯನ್ನೇ ಎತ್ತಿಕೊಂಡು ಅದಕ್ಕೆ ಕ್ರಿಸ್ತನೇ ಉತ್ತರವೆಂದು ಬೋಧಿಸಿದರು. ರಾಟ್ಜಿಂಗರರಿಗೆ ಆ ಕಾರ್ಯಕ್ರಮ ಹಿಡಿಸಿರಲಿಲ್ಲವಂತೆ. ಇಬ್ಬರು ಮಹನೀಯರ ಅಭಿಪ್ರಾಯ ಬೇರೆ ಬೇರೆ, ಆದರೆ ಇಬ್ಬರೂ ಹಾಡನ್ನು ಮುಂದಕ್ಕೇ ಕೇಳಿದವರು.

ಸಂತ ಯೊವಾನ್ನರ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ನಿಕೊದೇಮ ಎದ್ದು ನಿಂತು, ಆಪಾದಿತನ ಮಾತನ್ನು ಮೊದಲು ಕೇಳದೆ ನಮ್ಮ ಧರ್ಮಶಾಸ್ತ್ರ ಯಾರಿಗಾದರೂ ತೀರ್ಪು ಕೊಡುತ್ತದೆಯೇ ಎಂದು ಫರಿಸಾಯರನ್ನು ಪ್ರಶ್ನಿಸುತ್ತಾನೆ. ನಾವು ನಿರಾಕರಿಸಿದ ಈ ನ್ಯಾಯವನ್ನು ಇದೇ ಹಾಡಿಗೆ ಲೌಕಿಕ ನ್ಯಾಯಾಲಯ ಕೊಟ್ಟಿತು. ಹಾಡಿನ ಆರಂಭದ ಸ್ವರಗಳನ್ನು ಸ್ಪಿರಿಟ್ ಎಂಬ ತಂಡದ ‘ಟಾರಸ್’ ಎಂಬ 1968ರ ವಾದ್ಯಕೃತಿಯಿಂದ ಕದಿಯಲಾಗಿದೆ ಎಂದು 2014ರಲ್ಲಿ ದಾವೆಯಾಯಿತು. ಟಾರಸ್ ರಚಿಸಿದ ರ‍್ಯಾಂಡಿ ಕ್ಯಾಲಿಫೋರ್ನಿಯಾ ಆಗ ಬದುಕಿರಲಿಲ್ಲ. 1997ರ ಜನವರಿಯಲ್ಲಿ ಹವಾಯಿಯ ಕಡಲಿನಲ್ಲಿ ಸೆಳವಿಗೆ ಸಿಕ್ಕ ಹನ್ನೆರಡು ವರ್ಷದ ಮಗನನ್ನು ಉಳಿಸಿ, ತಾನು ನೀರುಪಾಲಾಗಿದ್ದ. ಆ ತಂದೆಯ ಹೆಸರನ್ನು ಇಲ್ಲಿ ಗೌರವದಿಂದ ನೆನೆಯುತ್ತೇನೆ. 2016ರಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ ಸ್ವರಲಿಪಿಗಳನ್ನು ನುಡಿಸಿ ಕೇಳಿ, ಪೇಜ್ ಮತ್ತು ಪ್ಲಾಂಟ್ ಇಬ್ಬರ ಸಾಕ್ಷ್ಯವನ್ನೂ ಪಡೆದು, ಕಳವಲ್ಲ ಎಂದಿತು. ಮೇಲ್ಮನವಿಯಲ್ಲಿ ತೀರ್ಪು ಒಮ್ಮೆ ಬಿದ್ದು, 2020ರ ಮಾರ್ಚಿನಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠದ ಮುಂದೆ ಮತ್ತೆ ನಿಂತಿತು. ಕೆಲವು ಸ್ವರಗಳ ಹೋಲಿಕೆಗಾಗಿ ಆರು ವರ್ಷಗಳ ವಿಚಾರಣೆ! ಸೈತಾನಪೂಜೆಯಂಥ ಘೋರ ಆಪಾದನೆಗೆ ನಾವು ಎಷ್ಟು ನಿಮಿಷ ವ್ಯಯಿಸಿದೆವು?

ಕಥೋಲಿಕ ಧರ್ಮೋಪದೇಶ ಗ್ರಂಥದ 2477 ಮತ್ತು 2478ನೆಯ ಕಂಡಿಕೆಗಳನ್ನು ಮನೆಯಲ್ಲಿ ಓದಿ ನೋಡಿರಿ. ಸಾಕಷ್ಟು ಆಧಾರವಿಲ್ಲದೆ ನೆರೆಯವನಲ್ಲಿ ದೋಷವಿದೆಯೆಂದು ಮೌನವಾಗಿ ನಂಬುವುದನ್ನೂ ಅಲ್ಲಿ ಪಾಪವೆಂದೇ ಎಣಿಸಲಾಗಿದೆ. ಇನ್ನೊಬ್ಬನ ಮಾತನ್ನು ಖಂಡಿಸುವ ಮೊದಲು ಅದಕ್ಕೆ ಒಳ್ಳೆಯ ಅರ್ಥ ಹಚ್ಚಲು ಪ್ರಯತ್ನಿಸಬೇಕು, ಆಗದಿದ್ದರೆ ಅವನನ್ನೇ ಕೇಳಬೇಕು ಎಂಬ ಲೊಯೊಲಾದ ಸಂತ ಇಗ್ನಾಸಿಯವರ ಸೂತ್ರವೂ ಅಲ್ಲಿದೆ. ದೆವ್ವ ಬಿಡಿಸುತ್ತಿದ್ದ ಪ್ರಭು ಯೇಸುವಿನಲ್ಲೇ ದೆವ್ವಗಳ ಒಡೆಯನನ್ನು ಕಂಡ ಧರ್ಮಪಂಡಿತರ ಕಥೆಯಂತೂ ಎಲ್ಲರಿಗೂ ತಿಳಿದದ್ದೇ.

ನಾವು ದೂಡಿದ ಹಾಡು ಆ ಬಳಿಕ ಎಲ್ಲೆಲ್ಲಿಗೋ ಹೋಗಿ ಬಂತು. ಧರ್ಮಬೋಧಕ ಅಜ್ಜನ ಮೊಮ್ಮಗಳಾದ ಡಾಲಿ ಪಾರ್ಟನ್ 2002ರಲ್ಲಿ ಅದನ್ನು ಗಾನವೃಂದದ ಹಿಮ್ಮೇಳದೊಡನೆ ಹಾಡಿದರು. 2012ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಕೆನಡಿ ಸೆಂಟರಿನಲ್ಲಿ ತಂಡದ ಉಳಿದ ಮೂವರನ್ನು ಗೌರವಿಸಿದಾಗ, ಹಾರ್ಟ್ ತಂಡದ ಸಹೋದರಿಯರು ಹಾಡುತ್ತಿರಲು, ಸತ್ತ ಬಾನಮ್‌ನ ಮಗ ಜೇಸನ್ ತಂದೆಯ ಜಾಗದಲ್ಲಿ ಕುಳಿತು ಡ್ರಮ್ ನುಡಿಸಿದ. ಪ್ಲಾಂಟ್‌ನ ಕಣ್ಣು ತುಂಬಿತ್ತು. ಈ ಹಾಡಿನಿಂದ ಬೇಸತ್ತು ವರ್ಷಗಟ್ಟಲೆ ಅದನ್ನು ಹಾಡದೆ ಬಿಟ್ಟಿದ್ದ ಅವನೇ 2023ರ ಅಕ್ಟೋಬರಿನಲ್ಲಿ, ಕ್ಯಾನ್ಸರ್ ರೋಗಿಗಳ ನೆರವಿಗಾಗಿ ದಾನಿಯೊಬ್ಬರು ದೊಡ್ಡ ಮೊತ್ತ ಕೊಡಲು ಮುಂದಾದಾಗ ಒಂದು ಸಣ್ಣ ಸಭೆಯಲ್ಲಿ ಅದನ್ನು ಮತ್ತೆ ಹಾಡಿದ.

ಧ್ಯಾನಕೂಟ ನಡೆಸುವ ಗುರುಬಂಧುಗಳಲ್ಲೂ ಶ್ರೀಸಾಮಾನ್ಯ ಬೋಧಕರಲ್ಲೂ ನನ್ನ ಬೇಡಿಕೆ ಇದು. ಸೈತಾನನ ಹಾಡುಗಳೆಂಬ ಆ ಹಳೆಯ ಪಟ್ಟಿಯನ್ನು ಹರಿದು ಹಾಕಿರಿ. ಹಾಡಿನ ಬಗ್ಗೆ ಮಾತನಾಡಲೇಬೇಕಿದ್ದರೆ ಅದರ ಮಾತುಗಳನ್ನು ಮಕ್ಕಳ ಕೈಗೆ ಮೊದಲೇ ಕೊಡಿರಿ, ಹಾಡನ್ನು ಮೊದಲಿನಿಂದ ಕೊನೆಯವರೆಗೆ ನೆಟ್ಟಗೆ ನುಡಿಸಿರಿ, ಬಳಿಕ ಅವರು ಮೊದಲು ಮಾತನಾಡಲಿ, ನೀವು ಆಮೇಲೆ. ವೇಳಾಪಟ್ಟಿಯಲ್ಲಿ ಅದಕ್ಕೆ ಬೇಕಾಗುವುದು ಎಂಟು ನಿಮಿಷ.